ಅಜ್ಜನ ಪ್ಯಾಂಟಿನ ಆನೆ

ಲೀಕೆಗೆ ಇಬ್ಬರು ಅಜ್ಜಿಯರು. ಅಪ್ಪನ ತಾಯಿ ಕೊರ್ರಿ ಹೂವಿನಜ್ಜಿ, ಅಮ್ಮನ ತಾಯಿ ರೆನ್ಸ್ಕೆ ರೈಲಜ್ಜಿ. ಮಾತು ಕಲಿಯುತ್ತಿದ್ದಾಗ ಲೀಕೆಯೇ ಇಟ್ಟ ಹೆಸರುಗಳು ಇವು. ಈಗ ಅವಳಿಗೆ ಏಳು ವರ್ಷ, ಆದರೂ ಹೆಸರು ಹಾಗೇ ನಿಂತುಬಿಟ್ಟಿವೆ. ರೆನ್ಸ್ಕೆಗೆ ಇದು ನುಂಗಲಾರದ ತುತ್ತು. ಲಿಸ್ಸೆ ಊರಿನ ಟುಲಿಪ್ ಹೊಲಗಳ ನಡುವೆ ಹುಟ್ಟಿದ ಮಾತ್ರಕ್ಕೆ ಆ ಹೆಂಗಸು ಹೂವಾದಳು. ಮಂಡಿನೋವು ಕಟ್ಟಿಕೊಂಡು, ಉತ್ತರದ ಸ್ನೇಕ್ ಪಟ್ಟಣದಿಂದ ರೈಲು ಬದಲಾಯಿಸಿ, ಬಸ್ಸು ಹಿಡಿದು ಬರುವ ತಾನು ಬರೀ ರೈಲು!

ಈ ಸಲ ಅವಳು ಹಟ ತೊಟ್ಟೇ ಬಂದಿದ್ದಳು. ದೇಶದ ರಾಜನ ಹುಟ್ಟುಹಬ್ಬದ ಹಿಂದಿನ ದಿನ ಮೊಮ್ಮಗಳನ್ನು ಕ್ಯೂಕೆನ್‌ಹೋಫ್ ಹೂದೋಟಕ್ಕೆ ತಾನೊಬ್ಬಳೇ ಕರೆದೊಯ್ಯಬೇಕು, ಇಡೀ ದಿನ ಆ ಪುಟ್ಟ ಕೈ ತನ್ನ ಕೈಯಲ್ಲೇ ಇರಬೇಕು. ಟಿಕೆಟ್ಟನ್ನೂ ಮೊದಲೇ ತೆಗೆಸಿದ್ದಳು. ಲೀಕೆಯ ಕೈ ಹಿಡಿದು ಬಸ್ಸಿಳಿದು ಗೇಟಿನ ಹತ್ತಿರ ಬಂದರೆ ಕಾಫಿಯ ಫ್ಲಾಸ್ಕು ಹಿಡಿದು ಕೊರ್ರಿ ನಿಂತಿದ್ದಾಳೆ.

"ಬನ್ನಿ ಬೀಗರೇ! ನೀವು ಬರ್ತೀರಿ ಅಂತ ಮಾರಿಟ್ ಹೇಳಿದ್ಲು. ಈ ಜನಜಂಗುಳೀಲಿ ದಾರಿ ತಪ್ಪೀತು ಅಂತ ನಾನೇ ಬಂದ್ಬಿಟ್ಟೆ. ನನಗೇನು, ಸೀಸನ್ ಪಾಸಿದೆ."

"ಬೋರ್ಡು ಓದೋದನ್ನ ನಮ್ಮೂರಲ್ಲೂ ಕಲಿಸ್ತಾರೆ," ಎಂದಳು ರೆನ್ಸ್ಕೆ. ಬಾಯಿಬಿಟ್ಟ ಮಗಳು ಮಾರಿಟ್‌ಳನ್ನು ಮನಸ್ಸಿನಲ್ಲೇ ಶಪಿಸಿದಳು.

ಅಷ್ಟರಲ್ಲಿ ಪುಟ್ಟ ಕೈ ಜಾರಿಯೇ ಹೋಗಿತ್ತು. ಕೊರ್ರಿಯ ಬಳಿ ಪ್ರತಿಯೊಂದು ಪಾತಿಗೂ ಒಂದು ಕಥೆ ಇತ್ತು. ಅವಳ ತೀರಿಹೋದ ಗಂಡ ಟುಲಿಪ್ ಗೆಡ್ಡೆ ಬೆಳೆಯುತ್ತಿದ್ದವನು. "ನೋಡು ಪುಟ್ಟಿ, ಈ ಅಂಚು ಹರಿದ ಹಾಗಿರೋ ಜಾತಿ ಇದೆಯಲ್ಲ, ನಿಮ್ಮಜ್ಜನಿಗೆ ಇದನ್ನ ಕಂಡ್ರಾಗ್ತಿರ್ಲಿಲ್ಲ. ಇಲಿ ಕಚ್ಚಿದ ಹೂವು ಅಂತಿದ್ರು." ಲೀಕೆ ಬಿದ್ದು ಬಿದ್ದು ನಕ್ಕಳು. ರೆನ್ಸ್ಕೆಯೂ ತಮ್ಮೂರಿನ ಕೆರೆ, ದೋಣಿ ಅಂತ ಏನೋ ಶುರುಮಾಡಿದಳು. ಇಲಿಯ ಮುಂದೆ ದೋಣಿ ನಡೆಯಲಿಲ್ಲ.

ಮಕ್ಕಳು ಹತ್ತಿ ಕೂರುವ, ಮರದಿಂದ ಮಾಡಿದ ಭಾರೀ ಪಾದರಕ್ಷೆಯ ಹತ್ತಿರ ಕೊರ್ರಿ ತನ್ನ ಫೋನನ್ನು ರೆನ್ಸ್ಕೆಯ ಕೈಗಿತ್ತಳು. "ನಮ್ಮಿಬ್ಬರದೊಂದು ಫೋಟೋ ತೆಗೀತೀರಾ?" ಊರಿಂದ ಬಂದವಳು ಫೋಟೋ ತೆಗೆಯುವವಳಾದಳು! ಅವಳು ಬಹಳ ಶ್ರದ್ಧೆಯಿಂದ, ಕೊರ್ರಿಯ ತಲೆ ಬಾರದ ಹಾಗೆ ಫೋಟೋ ತೆಗೆದುಕೊಟ್ಟಳು.

ಬೆಂಚಿನ ಮೇಲೆ ಕೂತಾಗ ಲೀಕೆಯ ಚೀಲದಿಂದ ಒಂದು ಸೊಂಡಿಲು ಇಣುಕಿತು. ಅಜ್ಜನ ಹಳೆಯ ಕಂದು ಪ್ಯಾಂಟಿನ ಗೆರೆಗೆರೆ ಬಟ್ಟೆಯಲ್ಲಿ ಕೊರ್ರಿ ಹೊಲಿದ ಆನೆ ಅದು. ಮಗು ಹೋದಲ್ಲೆಲ್ಲ ಅದೂ ಹೋಗುತ್ತಿತ್ತು.

"ನಾನು ಹೆಣೆದ ನೀಲಿ ಸ್ವೆಟರ್ ಎಲ್ಲೇ ಪುಟ್ಟಿ? ಚಳಿ ಇದೆಯಲ್ಲ," ಎಂದಳು ರೆನ್ಸ್ಕೆ.

"ಅದು ಹೋದ ವರ್ಷವೇ ಕಳೆದುಹೋಯ್ತಲ್ಲ ಅಜ್ಜಿ."

ಕೊರ್ರಿ ಎದ್ದುಹೋಗಿ ಹಯಸಿಂತ್ ಹೂವಿನ ಪಾತಿಯ ಮುಂದೆ ಬಗ್ಗಿ ನಿಂತಳು. ಚಳಿಗಾಲವಿಡೀ ಕೂತು ಹೆಣೆದದ್ದು ಕಳೆದುಹೋಗುತ್ತದೆ, ಹಳೇ ಪ್ಯಾಂಟು ಮಾತ್ರ ಉಳಿಯುತ್ತದೆ ಎಂದುಕೊಂಡು ರೆನ್ಸ್ಕೆ ತಣ್ಣಗಾದ ಕಾಫಿ ಕುಡಿದಳು.

ಮಾರನೆಯ ದಿನ ರಾಜನ ಹಬ್ಬ. ಮನೆಮನೆಗೂ ಬಾವುಟ, ನಾಯಿಯ ಕೊರಳಿಗೂ ರಾಜಮನೆತನದ ಕಿತ್ತಳೆ ಬಣ್ಣದ ಪಟ್ಟಿ. ಆ ದಿನ ಬೀದಿಯಲ್ಲಿ ಯಾರು ಬೇಕಾದರೂ ಅಂಗಡಿ ಹಾಕಬಹುದು. ಲೀಕೆ ಹಿಂದಿನ ಸಂಜೆಯೇ ಮನೆಯ ಮುಂದೆ ಸೀಮೆಸುಣ್ಣದಲ್ಲಿ ಜಾಗ ಗೀಚಿಟ್ಟಿದ್ದಳು. ಬೆಳಿಗ್ಗೆ ಅಲ್ಲಿ ಕಂಬಳಿ ಹಾಸಿ, ಬೇಡವಾದ ಆಟದ ಸಾಮಾನನ್ನೆಲ್ಲ ಜೋಡಿಸಿದಳು. ಸಹಾಯಕ್ಕೆ ಬಂದ ರೆನ್ಸ್ಕೆ ನಿಂತಲ್ಲೇ ನಿಂತಳು. ಚಿತ್ರ ಜೋಡಿಸುವ ಆಟದ ಡಬ್ಬಿಗೂ ಮುರುಕು ಲಾರಿಗೂ ನಡುವೆ ಅವಳೇ ಹೆಣೆದ ಉಣ್ಣೆಯ ಕುರಿ ಕೂತಿತ್ತು.

"ಇದನ್ನೂ ಮಾರ್ತೀಯೇನೇ?"

"ನಾನೀಗ ದೊಡ್ಡವಳಲ್ವಾ ಅಜ್ಜಿ? ಪಾಪದ್ದು, ಇನ್ಯಾರಾದ್ರೂ ಆಡ್ಲಿ."

ಆನೆ ಮಾತ್ರ ಕಂಬಳಿಯ ಹಿಂದೆ ಕುರ್ಚಿಯ ಮೇಲೆ ಕೂತಿತ್ತು. ಅದು ಅಂಗಡಿಯ ಯಜಮಾನನಂತೆ. ಕುರಿಗೆ ದೊಡ್ಡವಳಾದ ಮಗು ಆನೆಗೆ ಮಾತ್ರ ಚಿಕ್ಕವಳು!

ಅಳಿಯ ಸ್ಟೈನ್ ಮಗುವನ್ನು ಚೌಕಕ್ಕೆ ಕರೆದುಕೊಂಡು ಹೋದ. ಕೈ ಹಿಂದೆ ಕಟ್ಟಿಕೊಂಡು, ದಾರದಲ್ಲಿ ನೇತುಹಾಕಿದ ಕೇಕನ್ನು ಕಚ್ಚುವ ಆಟ ಅಲ್ಲಿತ್ತು. ರೆನ್ಸ್ಕೆ ಒಬ್ಬಳೇ ಉಳಿದಳು. ಆನೆಯನ್ನು ನೋಡಿದಳು, ಕುರಿಯನ್ನು ನೋಡಿದಳು. ಆಮೇಲೆ ಆನೆಯನ್ನೆತ್ತಿ ಕುರಿಯ ಪಕ್ಕ ಕೂರಿಸಿದಳು. ಮಾರಲಿಕ್ಕಲ್ಲ, ಸುಮ್ಮನೆ, ಇಬ್ಬರೂ ಒಂದೇ ಸಾಲಿನಲ್ಲಿರಲಿ ಎಂದು ತನಗೆ ತಾನೇ ಹೇಳಿಕೊಂಡಳು.

"ಅಮ್ಮಾ, ಕಾಫಿ ಆಯ್ತು, ಬಾ!" ಎಂದು ಒಳಗಿನಿಂದ ಮಾರಿಟ್ ಕೂಗಿದಳು. ಪಕ್ಕದಲ್ಲಿ ಹಳೆಯ ಗ್ರಾಮಫೋನ್ ತಟ್ಟೆ ಮಾರುತ್ತಿದ್ದ ಪರವೂರಿನವನಿಗೆ ಸ್ವಲ್ಪ ನೋಡಿಕೊಳ್ಳಿ ಎಂದು ಹೇಳಿ ರೆನ್ಸ್ಕೆ ಒಳಗೆ ಹೋದಳು. ಕುಡಿದದ್ದು ಒಂದು ಕಪ್ಪು, ಕೂತದ್ದು ಮೂರು ಕಪ್ಪಿನ ಹೊತ್ತು. ಯಾಕೆ ಏಳುತ್ತಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹೊರಗೆ ಬಂದಾಗ ಆನೆ ಇರಲಿಲ್ಲ.

"ನಿಮ್ಮ ವ್ಯಾಪಾರ ನಾನೇ ಮಾಡ್ದೆ ನೋಡಿ!" ಎಂದು ತಟ್ಟೆಯವನು ಅವಳ ಕೈಗೆ ಎರಡು ಯೂರೋದ ಒಂದು ನಾಣ್ಯ ಹಾಕಿದ. "ಕಿತ್ತಳೆ ಟೋಪಿ ಹಾಕಿದ್ದ ಒಬ್ಬರು ಅಜ್ಜಿ. ಚೌಕಾಸಿನೂ ಮಾಡ್ಲಿಲ್ಲ, ಎದೆಗವಚಿಕೊಂಡು ಹೋಗೇಬಿಟ್ರು. ಕುರೀನ ಮಾತ್ರ ಯಾರೂ ಮೂಸಲಿಲ್ಲ."

ಸುಳ್ಳೇಕೆ, ಮೊದಲು ಬಂದದ್ದು ಖುಷಿ. ಕುರಿಯ ವಿಷಯ ಕೇಳಿ ಸಿಟ್ಟು ಬಂತು. ಭಯ ಬಂದದ್ದು ಎಲ್ಲಕ್ಕಿಂತ ಕೊನೆಗೆ. ಮಗು ಬಂದು ಕೇಳಿದರೆ? ಬೀದಿಯ ತುಂಬ ಕಿತ್ತಳೆ ಟೋಪಿಗಳು, ಯಾವುದರ ಹಿಂದೆ ಓಡುವುದು?

ಓಡುವ ಅಗತ್ಯ ಬೀಳಲಿಲ್ಲ. ಒಂದು ಟೋಪಿ ತಾನಾಗಿಯೇ ಬಂತು. ಹಬ್ಬದ ಕೆನೆ ಕೇಕಿನ ಡಬ್ಬಿ ಹಿಡಿದು ಬಂದ ಕೊರ್ರಿ ಖಾಲಿ ಕುರ್ಚಿಯಲ್ಲಿ ಕೂತಳು. ಕಣ್ಣು ಕೆಂಪಗಿದ್ದವು. ಅವಳ ಚೀಲದಿಂದ ಆ ಸೊಂಡಿಲು ಇಣುಕುತ್ತಿತ್ತು.

"ಮಗೂನ ಏನೂ ಕೇಳ್ಬೇಡಿ ಬೀಗರೇ," ಎಂದಳು ಮೆಲ್ಲಗೆ. "ಅವಳದ್ದು, ಬೇಡ ಅನ್ನಿಸ್ತು, ಮಾರಿದ್ಲು. ಆದ್ರೆ ಅವರ ಪ್ಯಾಂಟು ಕಣ್ರೀ ಅದು. ಯಾರೋ ತಗೊಂಡು ಹೋಗೋದನ್ನ ನೋಡೋಕಾಗ್ಲಿಲ್ಲ. ನಾನೇ ಕೊಂಡ್ಕೊಂಡೆ."

ಗೆದ್ದಾಯಿತು. ಇನ್ನು ರೆನ್ಸ್ಕೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಅಂಗೈಯಲ್ಲಿ ನಾಣ್ಯ ಬೆವೆತುಹೋಗಿತ್ತು. ಅಷ್ಟರಲ್ಲಿ ಮುಖದ ತುಂಬ ಕೇಕಿನ ಪಾಕ ಮೆತ್ತಿಕೊಂಡು ಲೀಕೆ ಓಡಿಬಂದಳು.

"ನನ್ನ ಆನೆ ಎಲ್ಲಿ? ಇಲ್ಲೇ ಕೂರ್ಸಿದ್ನಲ್ಲ! ರೈಲಜ್ಜಿ, ನನ್ನ ಆನೆ?"

ಕೊರ್ರಿ ಮಗುವನ್ನು ನೋಡಿದಳು. ಆಮೇಲೆ ರೆನ್ಸ್ಕೆಯನ್ನು ನೋಡಿದಳು, ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು. ಚೀಲದಿಂದ ಆನೆಯನ್ನು ಹೊರಗೆಳೆದಳು.

"ಇಲ್ಲಿದ್ದಾನೆ ನೋಡು. ಹಬ್ಬ ನೋಡ್ಬೇಕು ಅಂತ ಒಂದೇ ಹಟ. ಒಂದು ಸುತ್ತು ತಿರುಗಿಸ್ಕೊಂಡು ಬಂದೆ."

ಲೀಕೆ ಆನೆಯನ್ನು ಅಪ್ಪಿಕೊಂಡು ಅಪ್ಪನ ಹತ್ತಿರ ಓಡಿದಳು. ಸುಳ್ಳನ್ನೂ ಎಷ್ಟು ಚೆಂದ ಹೇಳುತ್ತಾಳೆ ಇವಳು! ಒಳ್ಳೆಯವಳಾಗುವುದರಲ್ಲೂ ಇವಳೇ ಮುಂದು. ರೆನ್ಸ್ಕೆಗೆ ತಡೆಯಲಾಗಲಿಲ್ಲ.

"ನಾನೇ ಇಟ್ಟೆ ಕಣ್ರೀ ಮಾರಾಟಕ್ಕೆ. ಮಗು ಅಲ್ಲ. ನನ್ನ ಹೊಟ್ಟೆಕಿಚ್ಚಿಗೆ ಇಟ್ಟೆ."

ಕೊರ್ರಿ ಡಬ್ಬಿಯ ದಾರ ಬಿಚ್ಚಿದಳು. ಮತ್ತೆ ಕಟ್ಟಿದಳು.

"ನಿಮ್ಮ ನೀಲಿ ಸ್ವೆಟರು ಕಳೀಲಿಲ್ಲ," ಎಂದಳು. "ಹೋದ ವರ್ಷ, ಇದೇ ಕಂಬಳಿ ಮೇಲಿಂದ, ನಾನೇ ದಾಟಿಸಿದೆ."

"ಏನಂದ್ರಿ?"

"ಸೆಖೆ ಬಂದ್ರೂ ಮಗು ಅದನ್ನ ಬಿಚ್ಚೋಳಲ್ಲ. ನಾನು ತಂದ ಕೋಟು ಹಾಕ್ಕೊಳ್ಳೇ ಅಂದ್ರೆ ರೈಲಜ್ಜಿದೇ ಬೇಕು ಅಂತಾಳೆ. ದಿನಾ ಸ್ಕೂಲಿಂದ ಕರ್ಕೊಂಡ್ಬರೋಳು ನಾನು, ಊಟ ಹಾಕೋಳು ನಾನು. ನಾನು ಒಳಗೆ ಬಂದ್ರೆ ಕತ್ತೂ ಎತ್ತಲ್ಲ. ನೀವು ಬರ್ತೀರಿ ಅಂದ್ರೆ ಬೆಳಗಿಂದ ಕಿಟಕಿ ಬಿಟ್ಟು ಅಲ್ಲಾಡಲ್ಲ. ನನಗೆ ಉರಿಯಲ್ವಾ?"

ಕಿಟಕಿ! ರೆನ್ಸ್ಕೆಯ ಎದೆಯಲ್ಲಿ ಜೇನು ಸುರಿದಂತಾಯಿತು. ಆ ಕಿಟಕಿಯ ವಿಷಯ ಇನ್ನೊಮ್ಮೆ ಹೇಳಿ ಎಂದು ಕೇಳಬೇಕೆನಿಸಿತು. ಕೇಳಿದ್ದು ಮಾತ್ರ ಬೇರೆ.

"ಎಷ್ಟಕ್ಕೆ ಕೊಟ್ರಿ ಸ್ವೆಟರು?"

"ಬಿಟ್ಟಿ ಕೊಟ್ಟೆ. ಕಣ್ಮುಂದೆಯಿಂದ ಹೋದ್ರೆ ಸಾಕಾಗಿತ್ತು."

"ಬಿಟ್ಟಿ!" ರೆನ್ಸ್ಕೆ ಎದ್ದೇ ನಿಂತಳು. "ಇಡೀ ಚಳಿಗಾಲದ ಹೆಣಿಗೆ!"

"ನನ್ನ ಆನೆ ದುಡ್ಡು ವಾಪಸ್ ಕೊಡಿ ಮೊದ್ಲು," ಎಂದು ಕೊರ್ರಿ ಕೈ ಚಾಚಿದಳು.

ರೆನ್ಸ್ಕೆ ಬೆವೆತ ನಾಣ್ಯವನ್ನು ಲಂಗಕ್ಕೆ ಒರೆಸಿ, ತನ್ನ ಪರ್ಸಿಗೆ ಹಾಕಿ, ಜಿಪ್ ಎಳೆದಳು.

"ಅದು ಸ್ವೆಟರಿನದು," ಎಂದಳು. "ಕೇಕು ಕತ್ತರಿಸಿ."