ಸೂಟು ಕಳೆದ ತೂಕ

"ಇಳಿದು ಇನ್ನೊಂದ್ಸಲ ಹತ್ರಿ ಅಮ್ಮಾ," ಎಂದಳು ನರ್ಸು.

ಶಿವಗಂಗಾ ಇಳಿದಳು. ಚಪ್ಪಲಿ ಮೊದಲೇ ಬಿಟ್ಟಿದ್ದಳು. ಈ ಸಲ ಕೈಚೀಲವನ್ನೂ ಕುರ್ಚಿಯ ಮೇಲಿಟ್ಟು, ಕೊರಳ ಸರಕ್ಕೆ ಕೈ ಹಾಕಿದಳು. "ಅದ್ರಿಂದ ಏನೂ ಫರಕಾಗಲ್ಲ, ಬರ್ರಿ," ಎಂದು ನರ್ಸು ನಗುತ್ತ ಮೊಳಕೈ ಹಿಡಿದು ಹತ್ತಿಸಿದಳು. ಕೆಂಪು ಅಂಕಿಗಳು ಮೇಲೆ ಕೆಳಗೆ ಓಡಾಡಿ ನಿಂತವು. ನೂರ ಒಂಬತ್ತು ಪಾಯಿಂಟ್ ನಾಲ್ಕು. ಮೊದಲ ಸಲವೂ ಅಷ್ಟೇ ತೋರಿಸಿತ್ತು.

"ನಿಮ್ ಮಷೀನು ಸರಿ ಐತೇನವಾ?"

"ಹೋದ ತಿಂಗಳು ಚೆಕ್ ಮಾಡಿಸಿದಾರಲ್ಲ. ಯಾಕ್ರೀ?"

ಶಿವಗಂಗಾ ಕೈಚೀಲ ಎತ್ತಿಕೊಂಡಳು. ನಾಲ್ಕು ದಿನದ ಹಿಂದೆ, ಭಾನುವಾರ ಬೆಳಿಗ್ಗೆ, ಹರಪನಹಳ್ಳಿಯ ಮೆಕ್ಕೆಜೋಳದ ಮಂಡಿಯಲ್ಲಿ ತೂಗಿಸಿಕೊಂಡಾಗ ಅವಳು ತೊಂಬತ್ತೊಂಬತ್ತು ಇದ್ದಳು.

ದಾವಣಗೆರೆಯ ಆ ಡಾಕ್ಟರು ಚೀಟಿ ನೋಡಿ ಕುರ್ಚಿಯಲ್ಲಿ ನೆಟ್ಟಗಾದರು. "ಒಂಬತ್ತು ತಿಂಗಳ ಹಿಂದೆ ನೂರ ಇಪ್ಪತ್ತಾರು ಇದ್ರಿ. ಹದಿನಾರೂವರೆ ಕೆ.ಜಿ. ಇಳಿಸಿದೀರಿ ಶಿವಗಂಗಮ್ಮ! ನಾನು ಹೇಳಿದ್ದನ್ನ ಇಷ್ಟು ಕೇಳಿದವರು ಯಾರೂ ಇಲ್ಲ. ಯಾಕೆ, ಸಪ್ಪಗೆ ನಿಂತಿದೀರಲ್ಲ?"

"ಹಂಗಾದ್ರ ಆಪರೇಷನ್ ಮಾಡ್ತೀರೇನ್ರಿ?"

"ನೂರರ ಒಳಗೆ ಬರಲಿ ಅಂದಿದ್ದೆನಲ್ಲ. ಈಗ ಹೊಲಿದರೆ ಹೊಲಿಗೆ ನಿಲ್ಲಲ್ಲ, ಮತ್ತೆ ಬಿಚ್ಚಿಕೊಳ್ಳುತ್ತೆ. ಇನ್ನೊಂದು ಮೂರು ತಿಂಗಳು. ಅಲ್ಲಿವರೆಗೂ ಮಕ್ಕಳನ್ನ ಎತ್ತಬೇಡಿ. ಗಂಟು ಒಳಕ್ಕೆ ಹೋಗದೆ ನೋವು ಬಂದರೆ ಮಾತ್ರ ಒಂದು ಗಂಟೇನೂ ಕಾಯಬೇಡಿ, ಗೊತ್ತಾಯ್ತಾ? ಕರುಳು ಸಿಕ್ಕಿಕೊಂಡರೆ ಕಷ್ಟ."

ಗೊತ್ತಾಯಿತು ಎಂದು ತಲೆಯಾಡಿಸಿದಳು. ಗೊತ್ತಾಗಿದ್ದು ಅದೊಂದೇ.

ಎರಡನೆಯ ಮಗು ಸಿಸೇರಿಯನ್ ಆದ ಮೇಲೆ ಹೊಕ್ಕುಳ ಕೆಳಗೆ ನಿಂಬೆಹಣ್ಣಿನಷ್ಟು ಎದ್ದ ಹರ್ನಿಯಾದ ಗಂಟು ಈಗ ತೆಂಗಿನಕಾಯಿಯಷ್ಟಾಗಿತ್ತು. ಮಲಗಿದರೆ ಒಳಗೆ ಹೋಗುತ್ತಿತ್ತು, ನಿಂತರೆ ಹೊರಗೆ. ಒಮ್ಮೆ ಅವಳು ಟೀಚರಾಗಿರುವ ಅಂಗನವಾಡಿಯಲ್ಲೇ ಅದು ಸಿಕ್ಕಿಕೊಂಡು, ಟೀಚರು ಗೋಡೆಗೊರಗಿ ಬೆವರುತ್ತ ಸೆರಗಿನೊಳಗೆ ಕೈಯಿಟ್ಟು ಒತ್ತಿಕೊಳ್ಳುತ್ತಿದ್ದರೆ, ಮಕ್ಕಳು ಇದೇನೋ ಹೊಸ ಆಟವೆಂದು ತಾವೂ ಗೋಡೆಗೊರಗಿ ಹೊಟ್ಟೆ ಒತ್ತಿಕೊಂಡಿದ್ದವು. ಅವತ್ತಿನ ಹೆದರಿಕೆಯೇ ಅವಳನ್ನು ದಾವಣಗೆರೆಗೆ ಕರೆತಂದದ್ದು.

ವಾಪಸು ಬರುವಾಗ ಬಸ್ಸಿನ ಕಂಡಕ್ಟರು ಮೂವರ ಸೀಟಿನಲ್ಲಿ ತನ್ನ ಟಿಕೆಟ್ ಚೀಲವಿಟ್ಟು, ಯಾರು ಬಂದರೂ "ಅದು ನಂದ್ರಿ" ಎನ್ನುತ್ತ, ಇಬ್ಬರ ಜಾಗದಲ್ಲಿ ಅವಳೊಬ್ಬಳೇ ಕೂರುವಂತೆ ನೋಡಿಕೊಂಡ. ಅವನು ಹರಪನಹಳ್ಳಿಯವರೆಗೂ ನಿಂತೇ ಬಂದ. ಬೇರೆ ದಿನವಾಗಿದ್ದರೆ ಶಿವಗಂಗಾಳಿಗೆ ಅದು ಕಾಣುತ್ತಿತ್ತು.

ಮಂಡಿಯಲ್ಲಿ ಚೀಲ ತೂಗುವ ಕಾಟಾದ ಮೇಲೆ ನಿಲ್ಲುವ ಯೋಚನೆ ಪಕ್ಕದ ಮನೆಯ ದಾವಲ್ ಬೀಯದು. ಊರಿನ ಆರೋಗ್ಯ ಕೇಂದ್ರದ ತಕ್ಕಡಿ ನೂರ ಇಪ್ಪತ್ತಕ್ಕೇ ಮುಗಿಯುತ್ತಿತ್ತು. ಅದರ ಮೇಲೆ ಹೋದರೆ ಅಂಕಿಯೇ ಬರುತ್ತಿರಲಿಲ್ಲ. "ನಮ್ಮೆಜಮಾನ್ರು ದಿನಾ ನೂರು ಕ್ವಿಂಟಾಲ್ ತೂಗ್ತಾರ, ನಿನ್ ತೂಗಾದು ಎಷ್ಟರ ಮಾತು?" ಎಂದು ದಾವಲ್ ಬೀ ನಕ್ಕಿದ್ದಳು. ಅವಳ ಗಂಡ ಖಲಂದರ ಮೂವತ್ತು ವರ್ಷದಿಂದ ಬೆನಕಪ್ಪನವರ ಮಂಡಿಯಲ್ಲಿ ತೂಕದವನು. ಭಾನುವಾರ ಮಂಡಿ ಬಾಗಿಲು ಹಾಕಿರುತ್ತದೆ. ಚಾವಿ ಖಲಂದರನ ಹತ್ತಿರವೇ ಇರುತ್ತದೆ. ಒಂದೇ ತಕ್ಕಡಿಯಲ್ಲಿ ತೂಗಿಸಿಕೊಳ್ಳಿ, ಬೇರೆ ಬೇರೆಯಲ್ಲಿ ನೋಡಿ ತಲೆ ಕೆಡಿಸಿಕೊಳ್ಳಬೇಡಿ ಎಂದು ಡಾಕ್ಟರೇ ಹೇಳಿದ್ದರಿಂದ ಶಿವಗಂಗಾ ಮತ್ತೆಲ್ಲೂ ಹೋಗಲಿಲ್ಲ.

ಮೊದಲ ಭಾನುವಾರ ಇಂಜೆಕ್ಷನ್ನಿಗೆ ಕೈ ಕೊಟ್ಟವಳಂತೆ ಕಣ್ಣು ಮುಚ್ಚಿ ನಿಂತಿದ್ದಳು. "ನಾ ನೋಡಂಗಿಲ್ಲ, ನೀವಾ ಹೇಳ್ರಿ." ಖಲಂದರ ಕೆಮ್ಮಿ, ರೈತರಿಗೆ ಕೂಗುವ ಅದೇ ರಾಗದಲ್ಲಿ, "ನೂರ ಇಪ್ಪತ್ತಾರು. ಚೀಲಕ್ಕೊಂದು, ಹಸೀಗೊಂದು, ಸೂಟು ಎರಡು. ನೂರ ಇಪ್ಪತ್ನಾಕು!" ಎಂದಿದ್ದ. ಗೋಣಿಯ ತೂಕಕ್ಕೆ, ಕಾಳಿನ ಹಸಿಗೆ ಎಂದು ಮಂಡಿಯಲ್ಲಿ ಕಳೆಯುವ ತೂಕವೇ ಸೂಟು. ಹಾಗೆ ಕಳೆದುಕೊಳ್ಳುವ ರೈತರಿಗೆ ಅದು ಬೈಗುಳದ ಮಾತು. ಅವತ್ತು ಮಾತ್ರ ಮೂವರೂ ಕಣ್ಣಲ್ಲಿ ನೀರು ಬರುವಂತೆ ನಕ್ಕಿದ್ದರು. ಸೀರೆಯೇ ಚೀಲ, ಬೆವರೇ ಹಸಿ.

ಹಾಗೆ ಶುರುವಾಯಿತು. ನಸುಕಿನಲ್ಲಿ ದಾವಲ್ ಬೀ ಬಂದು ಬಾಗಿಲು ಬಡಿಯುವಳು. ಇಬ್ಬರೂ ಹಡಗಲಿ ರಸ್ತೆ ಹಿಡಿಯುವರು. ಶಿವಗಂಗಾಳ ಉಸಿರು ಏರುವ ಹೊತ್ತಿಗೆ ಸರಿಯಾಗಿ ದಾವಲ್ ಬೀ ಕಲ್ಲಿನ ಮೇಲೆ ಕೂತು, "ತಡಿಯವಾ, ನನ್ ಮಣಕಾಲು ಬಿಡವಲ್ದು," ಎನ್ನುವಳು. ಮನೆಯಲ್ಲಿ ಗಂಡ ಗಾದಿಲಿಂಗಪ್ಪ, ಹೋಳಿಗೆ ಕಂಡರೆ ಎದ್ದು ಕೂರುತ್ತಿದ್ದವನು, "ಯಾಕೋ ಸಿಹಿ ಸೇರವಲ್ದು" ಎಂದು ರಾಗಿ ಮುದ್ದೆಗೆ ಬಂದಿದ್ದ. ಪ್ರತಿ ಭಾನುವಾರ ಖಲಂದರನ ರಾಗ ಒಂದೋ ಅರ್ಧವೋ ಇಳಿಯುತ್ತಿತ್ತು. ಆ ಅರ್ಧ ಕಿಲೋದ ಆಸೆಗೇ ಅವಳು ವಾರವಿಡೀ ನಡೆಯುತ್ತಿದ್ದಳು.

ಶುಕ್ರವಾರ ನಸುಕಿನಲ್ಲಿ ಬಾಗಿಲ ಸದ್ದಾದಾಗ ಶಿವಗಂಗಾ ಏಳಲಿಲ್ಲ. "ಶಿವಗಂಗಾ, ಏಳಾ! ಬಿಸ್ಲು ಬಂತು!" ಬಿಸಿಲೇನೂ ಬಂದಿರಲಿಲ್ಲ. ದಾವಲ್ ಬೀ ಮೂರು ಸಲ ಕೂಗಿ, ಸ್ವಲ್ಪ ಹೊತ್ತು ನಿಂತು, ಹೋದಳು. ಅವಳ ಚಪ್ಪಲಿಯ ಸದ್ದನ್ನೇ ಶಿವಗಂಗಾ ಕೇಳುತ್ತಿದ್ದಳು. ಬಿರಬಿರನೆ, ಒಂದೇ ಸಮ. ಮೊಣಕಾಲು ನೋವಿನವರ ನಡಿಗೆ ಅದಲ್ಲ.

ಹಾಗಾದರೆ ಅದೂ ಸುಳ್ಳೇ? ಗಂಡನಿಗೆ ಸಿಹಿ ಸೇರದ್ದು? ಕೆಳಗಿನ ಓಣಿಯ ಮುದುಕಿ, "ಮಾರಿ ಎಷ್ಟ್ ಸಣ್ಣಗಾಗೈತೆ ನಿಂದು" ಎಂದು ಗಲ್ಲ ಹಿಡಿದದ್ದು? ಎಲ್ಲರೂ ಸೇರಿ ತನಗೆ ಸೂಟು ಕಳೆಯುತ್ತಿದ್ದರೇ? ಆದರೆ ಹದಿನಾರೂವರೆ ಇಳಿದದ್ದು ನಿಜ, ರವಿಕೆಗಳನ್ನು ಎರಡು ಸಲ ಹಿಡಿಸಿದ್ದು ನಿಜ. ಹಾಗಿದ್ದರೆ ಅಳುವುದು ಯಾತಕ್ಕೆ? ಗೋಡೆಯ ಕಡೆ ತಿರುಗಿ ಮಲಗಿದರೂ ಯಾತಕ್ಕೆಂದು ತಿಳಿಯಲಿಲ್ಲ.

ಅಂಗನವಾಡಿ ಮುಗಿಸಿ ನಾಲ್ಕು ಗಂಟೆಗೆ ನೇರ ಮಂಡಿಗೆ ಹೋದಳು. ಸುಗ್ಗಿಯ ಕಾಲ. ಅಂಗಳದ ತುಂಬ ಮೆಕ್ಕೆಜೋಳದ ರಾಶಿ, ಗಾಳಿಯಲ್ಲಿ ಹೊಟ್ಟಿನ ಧೂಳು. ಟ್ರ್ಯಾಕ್ಟರಿನ ಹತ್ತಿರ ರೈತರು, ಕಾಟಾದ ಸುತ್ತ ಆರೇಳು ಹಮಾಲರು. ಭಾನುವಾರದ ಖಾಲಿ ಮಂಡಿ ಬಿಟ್ಟು ಬೇರೆ ಮಂಡಿಯನ್ನು ಅವಳು ನೋಡಿಯೇ ಇರಲಿಲ್ಲ. ಖಲಂದರ ಅವಳನ್ನು ಕಂಡವನೇ ಚೀಲದ ಮೇಲಿನ ಕೈ ತೆಗೆದ. ಅವನ ಮುಖ ನೋಡಿದರೆ ಕೇಳುವುದೇ ಬೇಕಿರಲಿಲ್ಲ.

"ನಿನ್ನಿ ದಾವಣಗೆರಿಗೆ ಹೋಗಿದ್ದೆ," ಎಂದಳು.

"ಗೊತ್ತೈತ್ರಿ. ದಾವಲ್ ಬೀ ಅಂದ್ಲು." ಅವನು ಅವಳನ್ನು ಗೋಣಿಗಳ ಅಟ್ಟಿಯ ಮರೆಗೆ ಕರೆದ. "ಎಷ್ಟಂದ್ರು?"

"ನೂರ ಒಂಬತ್ತು ಚಿಲ್ರಿ. ನಿಮ್ ಲೆಕ್ಕದಾಗ ತೊಂಬತ್ತೊಂಬತ್ತು. ಹತ್ತು ಕಿಲೋ ಎಲ್ಲಿ ಹೋತ್ರಿ ಖಲಂದರಣ್ಣ?"

ಅವನು ತಲೆಯ ಟವಲು ತೆಗೆದು ಕೈಗೆ ಸುತ್ತಿಕೊಂಡ. "ಉಗಾದಿ ಆದ ಮ್ಯಾಲಿನ ವಾರ ನೆನಪೈತಾ ಟೀಚರಮ್ಮ? ಅವತ್ತು ಏರಿತ್ತು. ಒಂದೂವರಿ ಏರಿತ್ತು. ನೀವು ಕಣ್ಮುಚ್ಚಿ ನಿಂತಿದ್ರಿ, ತುಟಿ ನಡುಗ್ತಿತ್ತು. ನನ್ ಬಾಯಾಗ ಎರಡು ಇಳಿದೈತಿ ಅಂತ ಬಂದ್ಬಿಡ್ತು."

"ಬಂತು ಸರಿ. ಮುಂದಿನ ವಾರ?"

"ಮುಂದಿನ ವಾರ ಅದಕ್ಕಿಂತ ಇಳಸ್ಬೇಕಲ್ರಿ. ಒಮ್ಮಿ ಕಳದಿದ್ನ ತಿರುಗಿ ಕೂಡ್ಸಾಕ ಬಾಯಿ ಬರ್ಲಿಲ್ಲ. ಒಂದ್ ವಾರ ನಿಂದ್ರತಿತ್ತು, ಅದಕ್ಕೂ ಅರ್ಧ. ಹಂಗಾ ಹಂಗಾ..."

"ದವಾಖಾನ್ಯಾಗ ತೂಗ್ತಾರ ಅಂತ ಹೊಳಿಲಿಲ್ಲೇನು ನಿಮಗ?"

"ಹೊಳೀತು. ಅಷ್ಟ್ರಾಗ ನೀವು ಇಳ್ಕಂತ ಬಂದು ನನ್ ಮಾತ್ನ ಹಿಡಿತೀರಿ ಅಂದ್ಕಂಡಿದ್ದೆ."

ಶಿವಗಂಗಾ ಒಂದು ಕಾಳು ಹೆಕ್ಕಿ ಬೆರಳಲ್ಲಿ ಉರುಳಿಸಿದಳು. ಬೈಯಲೆಂದೇ ಬಂದಿದ್ದಳು; ದಾರಿಯುದ್ದಕ್ಕೂ ಬೈಗುಳ ಕೂಡಿಸಿಕೊಂಡಿದ್ದಳು. "ಮೂವತ್ ವರ್ಷದಾಗ ನಿಮ್ ತೂಕಕ್ಕ ಒಬ್ಬ ರೈತ ಬೆರಳು ಮಾಡಿಲ್ಲ ಅಂತಾರ. ಸೂಟು ಸಾವ್ಕಾರಂದು, ತೂಕ ಖಲಂದರಂದು ಅಂತಾರ. ಅಂಥವ್ರು ನನಗ್ಯಾಕ ಹಿಂಗ ಮಾಡಿದ್ರಿ?"

ಅವನು ನೆಲ ನೋಡುತ್ತ ಮೆಲ್ಲಗೆ ಕೇಳಿದ, "ಕಹಕಶಾಗ ನೀವು ಯಾಕ ಮಾಡಿದ್ರಿ ಟೀಚರಮ್ಮ?"

ಕಹಕಶಾ ಅವನ ಮೊಮ್ಮಗಳು. ಶಿವಗಂಗಾಳ ಕೈಯ ಕಾಳು ಕೆಳಗೆ ಬಿತ್ತು.

ಮಾರ್ಚ್ ತಿಂಗಳಲ್ಲಿ, ವರ್ಷ ತುಂಬಿದ ಆ ಮಗು ಅಂಗನವಾಡಿಯ ತಕ್ಕಡಿಯಲ್ಲಿ ಆರು ಕೆ.ಜಿ. ಒಂಬೈನೂರು ತೂಗಿತ್ತು. ತಾಯಿ ನಿಶಾತ ಎದುರಿಗೇ ನಿಂತಿದ್ದಳು. ಎದೆಹಾಲು ಸಾಲದೆಂದು ಓಣಿಯವರು ಆಡಿಕೊಂಡಿದ್ದನ್ನು ಕೇಳಿ ಕೇಳಿ ಊಟ ಬಿಟ್ಟಿದ್ದ ಹುಡುಗಿ. ಶಿವಗಂಗಾ ಮೊಬೈಲಿನಲ್ಲಿ ಏಳು ಕೆ.ಜಿ. ಒಂದುನೂರು ಎಂದು ಒತ್ತಿದ್ದಳು. ತೂಕ ಕಡಿಮೆಯೆಂದು ಹಳದಿಯಾಗಬೇಕಿದ್ದ ಬಣ್ಣ ಹಸಿರಾಯಿತು. ಹಳದಿ ಮಕ್ಕಳಿಗೆ ಕೊಡುವ ಹೆಚ್ಚಿನ ಮೊಟ್ಟೆ ಇದರಿಂದ ತಪ್ಪಿತಲ್ಲ ಎಂದು ಆಮೇಲೆ ಹೊಳೆದು, ಎರಡು ತಿಂಗಳು ತನ್ನ ಮನೆಯಿಂದ ಮೊಟ್ಟೆ ಬೇಯಿಸಿ ಒಯ್ದಿದ್ದಳು. ಯಾರಿಗೂ ಹೇಳಿರಲಿಲ್ಲ.

"ನಿಮಗೆ ಹೆಂಗ ಗೊತ್ತಾತು?"

"ಈ ಕೈ ಕಾಟಾ ಅಲ್ವೇನ್ರಿ? ಎತ್ತಿದ್ರ ತಿಳಿತೈತಿ. ಅವತ್ತು ಕೂಸು ಏಳು ಇರ್ಲಿಲ್ಲ. ಸೊಸಿ ಬಂದು ಹಸ್ರು ಬಣ್ಣ ಬಂತು ಮಾವಾ ಅಂದ್ಲು. ಅವತ್ತು ಕುಂತು ಹೊಟ್ಟಿ ತುಂಬ ಉಂಡ್ಲು. ಮುಂದಿನ ತಿಂಗ್ಳ ಕೂಸೂ ಏರ್ತು." ಅವನು ಟವಲು ಬಿಚ್ಚಿ ಮತ್ತೆ ಸುತ್ತಿದ. "ನಾ ಓದಿದವನಲ್ಲ. ಟೀಚರಮ್ಮ ಮಾಡ್ಯಾರ ಅಂದ್ರ ಅದು ಚಲೋದಾ ಇರ್ಬೇಕು ಅಂದ್ಕಂಡೆ."

ಅದು ಬೇರೆ, ಇದು ಬೇರೆ ಎನ್ನಬೇಕೆಂದಿದ್ದಳು ಶಿವಗಂಗಾ. "ಆಪರೇಷನ್ ಮುಂದಕ್ಕ ಹೋತ್ರಿ," ಎಂದಷ್ಟೇ ಅಂದಳು. "ಮೂರು ತಿಂಗಳು."

ಖಲಂದರನಿಗೆ ಅದು ಈವರೆಗೆ ತಿಳಿದಿರಲಿಲ್ಲ. ಅವನು ಗೋಡೆಗೆ ಕೈಯಿಟ್ಟು ನಿಂತ.

"ತೂಗ್ರಿ ನನ್ನ," ಎಂದಳು ಅವಳು.

"ಭಾನುವಾರ ಬರ್ರಿ ಟೀಚರಮ್ಮ. ಈಗ ಮಂದಿ ಅದಾರ."

"ಇರ್ಲಿ. ಸೂಟು ಬ್ಯಾಡ."

ಅಂಗಳ ದಾಟಿ ಕಾಟಾದ ಮೇಲೆ ಹತ್ತಿದಳು. ಯಾವನೋ ಕಿಸಕ್ಕೆಂದ. ಕೂಡಲೇ ಒಬ್ಬ ಹಿರಿಯ ಹಮಾಲ, "ಲೇ, ಆ ಲಾರಿ ಯಾರಪ್ಪ ತುಂಬ್ತಾನ?" ಎಂದು ಗದರಿದ, ಆರೇಳು ಬೆನ್ನುಗಳೂ ಒಮ್ಮೆಲೇ ಅತ್ತ ತಿರುಗಿದವು. ತುಂಬಲು ಅಲ್ಲಿ ಲಾರಿಯೇ ಇರಲಿಲ್ಲ. ಶಿವಗಂಗಾ ಕಣ್ಣು ತೆರೆದೇ ನಿಂತಳು. ಖಲಂದರ ಅಂಕಿಯ ಡಬ್ಬಿಯನ್ನು ಅವಳ ಕಡೆ ತಿರುಗಿಸಿದ. ನೂರ ಹತ್ತು. ಅವನು ಅದನ್ನು ಕೂಗಲಿಲ್ಲ, ಅವಳೇ ಓದಿಕೊಂಡಳು.

ಶನಿವಾರ ನಸುಕಿನಲ್ಲಿ ಬಾಗಿಲು ಬಡಿಯುವ ಮೊದಲೇ ಅವಳು ಹೊರಗೆ ನಿಂತಿದ್ದಳು. ದಾವಲ್ ಬೀ ಬಂದಳು. ಗಂಡ ಎಲ್ಲ ಹೇಳಿರಬೇಕು, ನಿನ್ನೆ ಯಾಕೆ ಬರಲಿಲ್ಲವೆಂದು ಕೇಳಲಿಲ್ಲ. ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಒಣಹಾಕಿದ್ದರು, ಅದರ ಅಂಚಿನಲ್ಲೇ ಒಬ್ಬರ ಹಿಂದೊಬ್ಬರು ನಡೆದರು. ಎಂದಿನ ಕಲ್ಲು ಬಂತು. ದಾವಲ್ ಬೀ ಕೂತು ಮೊಣಕಾಲು ಒತ್ತಿಕೊಂಡಳು.

"ಖರೇವಂದ್ರೂ ನೋಯ್ತೈತೇನ?" ಎಂದು ಶಿವಗಂಗಾ ಕೇಳಿಯೇಬಿಟ್ಟಳು.

ದಾವಲ್ ಬೀ ಅವಳ ಮುಖ ನೋಡಿದಳು. "ಎಡಗಡೀದು ಖರೇವಂದ್ರೂ ನೋಯ್ತೈತೆ," ಎಂದಳು. "ಬಲಗಡೀದು ನಿನ್ ಸಲುವಾಗಿ."

ಶಿವಗಂಗಾಳಿಗೆ ನಗು ಬಂತು. "ಸರಿ, ಎಡಗಾಲಿಂದು ಇಳಿಯಾಮಟ ಕುಂದ್ರು. ಬಲಗಾಲಿಂದು ಬ್ಯಾಡ," ಎಂದು ತಾನೂ ಪಕ್ಕದಲ್ಲಿ ಕೂತಳು. ಅವತ್ತು ಆ ಕಲ್ಲು ದಾಟಿ ಇನ್ನೊಂದು ಕಲ್ಲಿನವರೆಗೆ ಹೋಗಿ ಬಂದರು.

ಹತ್ತು ಗಂಟೆಗೆ ಅಂಗನವಾಡಿಯಲ್ಲಿ ಮಕ್ಕಳ ತೂಕ. ಗಡಿಯಾರದಂಥ ತಕ್ಕಡಿ ಮೇಲಿನ ಕೊಂಡಿಗೆ ತೂಗಾಡುತ್ತಿತ್ತು. ನಾಲ್ಕು ದಿನದ ಜ್ವರ ಮುಗಿಸಿ ಎದ್ದ ಕಹಕಶಾಳನ್ನು ಸೊಂಟದ ಮೇಲಿಟ್ಟುಕೊಂಡು ನಿಶಾತ ಬಂದಳು. ಮಗು ಟೀಚರಿನ ಕಡೆ ಎರಡೂ ಕೈ ಚಾಚಿತು. ಶಿವಗಂಗಾಳ ಕೈ ಎತ್ತಿಕೊಳ್ಳಲು ಅರ್ಧ ಹೋಗಿ ನಿಂತಿತು.

"ನೀನಾ ಕುಂದ್ರುಸವಾ. ನಾ ಎತ್ತಂಗಿಲ್ಲ."

ನಿಶಾತ ಮಗುವನ್ನು ತಕ್ಕಡಿಯ ಚೀಲದಲ್ಲಿ ಕೂರಿಸಿ ಕೈ ಬಿಟ್ಟಳು. ಹಸಿರಿಗೂ ಹಳದಿಗೂ ಈ ತಿಂಗಳು ಎಂಟೂವರೆಯೇ ಗಡಿ. ಮುಳ್ಳು ಎಂಟೂವರೆಯ ಗೆರೆಯಿಂದ ಆಚೆ ಹೋಯಿತು, ಈಚೆ ಬಂತು. ಕಹಕಶಾ ನಗುತ್ತ ಕಾಲು ಬಡಿದಳು. ಮುಳ್ಳು ಮತ್ತೆ ನಡುಗಿತು. ನಿಶಾತ ತಕ್ಕಡಿಯ ಕಡೆ ನೋಡುತ್ತಿರಲಿಲ್ಲ, ಟೀಚರಿನ ಮುಖವನ್ನೇ ನೋಡುತ್ತಿದ್ದಳು.

"ಎಷ್ಟ್ರಿ ಟೀಚರ್?"

"ತಡಿಯವಾ," ಎಂದಳು ಶಿವಗಂಗಾ. "ನಿಂದ್ರಲಿ."

ಮೊಬೈಲನ್ನು ಕೈಯಲ್ಲಿ ಹಿಡಿದು, ಮಗು ಕಾಲು ಬಡಿಯುವುದು ನಿಲ್ಲಲೆಂದು ಮುಳ್ಳನ್ನೇ ನೋಡುತ್ತ ನಿಂತಳು.