ಲಿಬ್‌ಹಾಲು ಸಿಗುತ್ತಿಲ್ಲ

ಮಲ್ಲಿಪಟ್ಟಣದ ಡೈರಿಯ ಮುಂದೆ ಸಂಜೆಯ ಹಾಲಿನ ಸಾಲು ಆಗಲೇ ರಸ್ತೆ ಮುಟ್ಟಿತ್ತು. ಒಳಗೆ ಕಂಪ್ಯೂಟರ್ ಮುಂದೆ ಕೂತಿದ್ದ ತೇಜಶ್ರೀ ಆ ಕಡೆ ತಿರುಗಿಯೂ ನೋಡಲಿಲ್ಲ. ಹಾಸನದಲ್ಲಿ ಕೊನೆಯ ವರ್ಷದ ಇಂಜಿನಿಯರಿಂಗ್ ಓದುತ್ತಿದ್ದ ಅವಳ ಪ್ರಾಜೆಕ್ಟ್ ಈ ಡೈರಿಯಲ್ಲೇ ಓಡಬೇಕಿತ್ತು. ತೂಕದ ಮಿಷಿನ್ನು, ಫ್ಯಾಟ್ ಮಿಷಿನ್ನು ಹೇಳುವುದನ್ನು ಒಂದು ಪ್ರೋಗ್ರಾಮ್ ಓದಿಕೊಳ್ಳುತ್ತದೆ, ಇನ್ನೊಂದು ಅದನ್ನು ಗೋಡೆಯ ಬೋರ್ಡಿನಲ್ಲಿ ಎಲ್ಲರಿಗೂ ಕಾಣುವಂತೆ ತೋರಿಸುತ್ತದೆ. ಇಷ್ಟೇ ಕೆಲಸ.

ಪ್ರಾಜೆಕ್ಟ್ ನೋಡಿ ಅಂಕ ಕೊಡಬೇಕಾದ ಸ್ನೇಹಲತಾ ಮ್ಯಾಮ್ ಹೊಳೆನರಸೀಪುರದ ತಮ್ಮ ಮನೆಯಿಂದ ಕಾರಿನಲ್ಲಿ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. "ಲ್ಯಾಬಲ್ಲಿ ಎಲ್ಲರದೂ ಓಡುತ್ತೆ. ಡೈರಿಲಿ ಓಡಿಸಿ ತೋರ್ಸು. ಇಲ್ಲಾಂದ್ರೆ ಮುಂದಿನ ವರ್ಷದವರ ಜೊತೆ ಬಾ" ಎಂದು ಅವರು ಮೊದಲೇ ಹೇಳಿದ್ದರು. ಹೆದರಿಸಲು ಹೇಳಿದ ಮಾತಲ್ಲ. ಹೋದ ವರ್ಷ ಒಬ್ಬನನ್ನು ಹಾಗೆ ಕಳಿಸಿಯೂ ಇದ್ದರು.

ಪ್ರೋಗ್ರಾಮ್ ಓಡಲಿಲ್ಲ. ಪರದೆಯ ಮೇಲೆ ಇಂಗ್ಲಿಷಿನ ಒಂದೇ ಸಾಲು ಬಂದು ನಿಂತಿತು. libhaalu.so ಎಂಬ ಫೈಲು ಸಿಗುತ್ತಿಲ್ಲ.

"ಏನಂತದವ್ವ?" ಎಂದರು ಡೈರಿಯ ಅಧ್ಯಕ್ಷ ನಂಜಪ್ಪ.

"ಹಾಲು ಸಿಗ್ತಿಲ್ಲ ಅಂತದೆ ಗೌಡ್ರೆ."

"ಒರಗೆ ಕ್ಯಾನ್‌ಗಟ್ಲೆ ನಿಂತದೆ. ಇದ್ಕೆ ಮಾತ್ರ ಸಿಗ್ತಿಲ್ವ?"

ಸಾಲಿನಲ್ಲಿದ್ದವರು ನಕ್ಕರು. ಮ್ಯಾಮ್ ನಗಲಿಲ್ಲ.

"ಅದು ಫೈಲಿನ ಹೆಸ್ರು. ಎರಡು ಪ್ರೋಗ್ರಾಮಿಗೂ ಬೇಕಾಗೋ ಲೆಕ್ಕಾಚಾರನ ಒಂದೇ ಫೈಲಲ್ಲಿ ಬೇರೆ ಇಟ್ಟಿದೀನಿ" ಎಂದಳು ತೇಜಶ್ರೀ.

"ಯಾಕೆ? ಅದ್ರದ್ದು ಅದ್ರ ತಾವೇ ಇದ್ರೆ ಏನಾಯ್ತದೆ?"

"ಗೌಡ್ರೆ, ನಿಮ್ಮೂರ ಸಮುದಾಯ ಭವನದಲ್ಲಿ ದೊಡ್ಡ ಹಂಡೆಗಳವೆ. ಮದ್ವೆ ಮಾಡೋರೆಲ್ಲ ಹಂಡೆ ಕೊಂಡ್ಕೊತಾರಾ?"

"ಯಾಕ್ ಕೊಂಡ್ಕೊತಾರೆ? ಅಡಿಗೆ ಭಟ್ಟ ಓಗಿ ತತ್ತಾನೆ."

"ಇಲ್ಲೂ ಅಂಥ ಭಟ್ಟ ಒಬ್ಬವ್ನೆ. ಲಿಂಕರ್ ಅಂತ. ಪ್ರೋಗ್ರಾಮ್ ಒಲೆ ಹಚ್ಚೋ ಮೊದ್ಲು ಇವ್ನು ಬರ್ತಾನೆ. ಏನೇನು ಬೇಕು ಅಂತ ಕೇಳ್ತಾನೆ, ಗೊತ್ತಿರೋ ಜಾಗದಲ್ಲೆಲ್ಲ ಹುಡುಕ್ತಾನೆ, ತಂದು ಮೆಮೊರಿಲಿ ಖಾಲಿ ಇರೋ ಕಡೆ ಇಡ್ತಾನೆ. ಎಲ್ಲಿಟ್ಟೆ ಅಂತ ಪ್ರೋಗ್ರಾಮಿಗೆ ಹೇಳಿ ಆಮೇಲೆ ಜಾಗ ಬಿಡ್ತಾನೆ. ಈ ಹಂಡೆಲಿ ಒಂದು ವಿಶೇಷ. ಒಂದೇ ಹಂಡೆ, ಎರಡು ಮನೆ ಅಡಿಗೆಗೂ ಒಂದೇ ಹೊತ್ತಲ್ಲಿ ಆಗುತ್ತೆ."

"ಸಾರು ಬೆರ್ತೋಗಲ್ವ?"

"ಸಾರು ಅವರವ್ರ ಪಾತ್ರೇಲೇ ಇರುತ್ತೆ."

ಮ್ಯಾಮ್ ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡರು.

"ಫೈಲು ಅದೆ ಕಣೇ ತೇಜು" ಎಂದ ಅನಿಲ್‌ಕುಮಾರ್. ಡೈರಿಯ ಸೆಕ್ರೆಟರಿ, ಕೊಣನೂರಿನಲ್ಲಿ ತೇಜಶ್ರೀಯ ಅಣ್ಣ ಶಿವರಾಜುವಿನ ಜೊತೆ ಓದಿದವನು. ಪ್ರಾಜೆಕ್ಟಿಗೆ ಈ ಡೈರಿಯನ್ನು ಅವಳಿಗೆ ಕೊಡಿಸಿದವನೂ ಅವನೇ. "ಇಂಥ ಫೈಲು ಈಮೇಲಲ್ಲಿ ಓಗಲ್ಲ ಅಂತ ನೀನೇ ಬ್ಯಾರೆ ಎಸ್ರಲ್ಲಿ ಕಳಿಸಿದ್ದೆ. ನೀನು ಫೋನಲ್ಲಿ ಏಳ್ದಂಗೆ ಎಸ್ರು ತಿದ್ದಿ ಇಟ್ಟೀನಿ."

"ಆಫ್ ಮಾಡಿ ಆನ್ ಮಾಡು" ಎಂದು ನಂಜಪ್ಪ ಸಲಹೆ ಕೊಟ್ಟರು. ಮಾಡಿದಳು. ಅದೇ ಸಾಲು ಬಂತು. ಫೈಲು ಓದಲು ಅನುಮತಿ ಇದೆಯೇ ಎಂದು ನೋಡಿದಳು. ಇತ್ತು. ಕೊನೆಗೆ ಲಿಂಕರನ್ನೇ ಕೇಳಿದಳು. ಎಲ್ಲೆಲ್ಲಿ ಹುಡುಕಿದೆ, ಬಾಯಿಬಿಟ್ಟು ಹೇಳು ಎಂದು ಕೇಳುವ ಆಜ್ಞೆಯೊಂದಿದೆ. ಅದು ಹುಡುಕಿದ ಜಾಗಗಳನ್ನೆಲ್ಲ ಒಂದೊಂದಾಗಿ ಹೇಳಿತು. ಅನಿಲ್‌ಕುಮಾರ್ ಫೈಲು ಇಟ್ಟಿದ್ದ ಫೋಲ್ಡರಿಗೂ ಹೋಗಿ ಬಂದಿತ್ತು. ಹಾಗಾದರೆ ಜಾಗ ಸರಿ. ಅವಳು ಆ ಫೋಲ್ಡರನ್ನು ತೆರೆದಳು.

libaalu.so.

"ಅನಿಲಣ್ಣ, ಎಚ್ ಎಲ್ಲಿ?"

"ಯಾವ ಎಚ್ಚು?"

"ಹಾಲಿಂದು."

"ನೀನೆಲ್ಲಿ ಎಚ್ ಅಂದೆ? ಲಿಬ್ ಆಲು ಅಂತ ಬರಿ ಅಣ್ಣ ಅಂದೆ, ಆಲು ಅಂತ್ಲೇ ಬರ್ದೆ. ಎ ಎರಡು ಆಕು ಅಂದೆ, ಎರಡೇ ಆಕಿವ್ನಿ. ನೋಡ್ಕ."

ತೇಜಶ್ರೀಯ ಕಿವಿ ಬಿಸಿಯಾಯಿತು. ತಪ್ಪು ಅವನದಲ್ಲ. ಹಾಸ್ಟೆಲಿಗೆ ಬಂದ ಹೊಸದರಲ್ಲಿ ಹುಡುಗಿಯರು ಅವಳ ಮಾತಿಗೆ ನಗುತ್ತಿದ್ದರು. ಅವಳು ಹಟಕ್ಕೆ ಬಿದ್ದು ಸಿಕ್ಕಸಿಕ್ಕ ಕಡೆ ಹಕಾರ ಸೇರಿಸಿ, ಒಂದು ಬೆಳಿಗ್ಗೆ ಮೆಸ್ಸಿನಲ್ಲಿ ಹಕ್ಕಿ ರೊಟ್ಟಿ ಕೇಳಿದ್ದಳು. ಆಮೇಲೆ ಎಲ್ಲಿ ಬೇಕು, ಎಲ್ಲಿ ಬೇಡ ಎಂದು ಕಲಿತಳು. ಈಗ ಗೌಡರ ಮುಂದೆಯೂ ಹಕಾರ ತಪ್ಪುವುದಿಲ್ಲ. ಆದರೆ ಊರಿನವರು ಫೋನ್ ಮಾಡಿದರೆ ನಾಲಿಗೆ ಅವಳನ್ನು ಕೇಳದೆ ಮನೆಗೆ ಹೋಗಿಬಿಡುತ್ತದೆ. ಊರಿನಲ್ಲಿ ಹಾಲು ಎಂದರೂ ಆಲು ಎಂದರೂ ಚೊಂಬಿಗೆ ಬೀಳುವುದು ಒಂದೇ. ಲಿಂಕರಿಗೆ ಮಾತ್ರ ಒಂದಕ್ಷರ ಹೋದರೆ ಅದು ಬೇರೆ ಯಾರೋ.

ಹೆಸರು ತಿದ್ದಲು ಕೈ ಹಾಕಿದಳು.

"ತಡಿ. ನಾಳೆ ಹೊಸ ಫೈಲು ಕಳಿಸ್ತೀಯ. ಇವರು ಏನಂತ ಬರೀತಾರೆ?" ಎಂದರು ಮ್ಯಾಮ್.

"ಆಲು ಅಂತ" ಎಂದ ಅನಿಲ್‌ಕುಮಾರ್. ಅವನಿಗೆ ಅನುಮಾನವೇ ಇರಲಿಲ್ಲ.

ಪರೀಕ್ಷೆ ಶುರುವಾಗಿದೆ ಎಂದು ತೇಜಶ್ರೀಗೆ ಗೊತ್ತಾಯಿತು. ಹೊರಗೆ ಯಾರೋ ಕ್ಯಾನಿನ ಮುಚ್ಚಳ ಬಡಿದರು.

"ಫೈಲು ಆಲು ಅಂತ್ಲೇ ಇರ್ಲಿ ಮ್ಯಾಮ್. ಪಕ್ಕದಲ್ಲಿ ಹಾಲು ಅಂತ ಇನ್ನೊಂದು ಹೆಸ್ರು ಮಾಡಿ ಇದನ್ನೇ ತೋರಿಸೋ ಹಂಗೆ ಇಡ್ತೀನಿ. ಲಿಂಕರ್ ಹಾಲು ಅಂತ ಕೇಳಿದ್ರೂ ಆಲು ಹತ್ರಾನೇ ಹೋಗುತ್ತೆ."

"ಸರಿ. ಒಂದು ಪ್ರೋಗ್ರಾಮ್ ಎರಡೂ ಹೆಸರಲ್ಲಿ ಕೇಳ್ತು ಅನ್ಕೋ. ಎರಡು ಸಲ ಮೆಮೊರಿಗೆ ತರುತ್ತಾ?"

ಇದನ್ನು ಅವಳು ಓದಿರಲಿಲ್ಲ. ಓದಿದ್ದೇನೆ ಎಂದು ನಟಿಸಲೂ ಇಲ್ಲ. "ಗೊತ್ತಿಲ್ಲ ಮ್ಯಾಮ್. ನೋಡಿ ಹೇಳ್ತೀನಿ."

ಮೊದಲು ಹಾಲು ಎಂಬ ಇನ್ನೊಂದು ಹೆಸರು ಮಾಡಿಟ್ಟು, ಎರಡೂ ಹೆಸರು ಕೇಳುವ ಪುಟ್ಟ ಪ್ರೋಗ್ರಾಮೊಂದನ್ನು ಅಲ್ಲೇ ಬರೆದಳು. ಓಡಿಸಿ, ಅದರ ಮೆಮೊರಿಯಲ್ಲಿ ಏನೇನು ಕೂತಿದೆ ಎಂದು ತೆಗೆದು ನೋಡಿದಳು. ಫೈಲು ಒಂದೇ ಕಡೆ ಇತ್ತು.

"ಒಂದೇ ಸಲ. ಹೆಸ್ರು ಬೇರೆ ಆದ್ರೂ ಡಿಸ್ಕಲ್ಲಿ ಎರಡಕ್ಕೂ ನಂಬರ್ ಒಂದೇ. ಲಿಂಕರ್ ಆ ನಂಬರ್ ನೋಡ್ತದೆ ಅನ್ಸುತ್ತೆ. ಇದು ಆಗ್ಲೇ ಬಂದದೆ ಅಂತ ಸುಮ್ಮನಾಗ್ತದೆ."

"ಅನ್ಸುತ್ತೆ ಅಲ್ಲ, ಹಾಗೇನೇ" ಎಂದರು ಮ್ಯಾಮ್. "ಈಗ ನಿಂದು ಓಡ್ಸು."

ಓಡಿಸಿದಳು. ಗೋಡೆಯ ಬೋರ್ಡಿನಲ್ಲಿ ಕೆಂಪು ಸೊನ್ನೆಗಳು ಹತ್ತಿಕೊಂಡವು. ಸಾಲಿನ ಮುಂದೆ ನಿಂತಿದ್ದ ಪುಟ್ಟತಾಯಮ್ಮ ಚೊಂಬಿನ ಹಾಲು ಸುರಿದರು. ತೂಕ ಬಂತು, ಫ್ಯಾಟ್ ಬಂತು, ಹಾಲಿಗೆ ನೀರು ಬೆರೆತರೆ ಇಳಿಯುವ ಡಿಗ್ರಿಯೂ ಬಂತು. ಡಿಗ್ರಿ ತೀರಾ ಕೆಳಗಿತ್ತು. ಇಡೀ ಸಾಲು ಕತ್ತೆತ್ತಿ ಓದಿತು.

"ಇದು ಕೆಟ್ಟೋಗದೆ ಕಣವ್ವ" ಎಂದರು ಪುಟ್ಟತಾಯಮ್ಮ ತೇಜಶ್ರೀಗೆ. "ನೆನ್ನೆ ಗಂಟ ನಮ್ಮಸಿನ ಆಲು ಎಂಗಿತ್ತು ಅನಿಲನ್ನೇ ಕೇಳು."

"ನೆನ್ನೆ ಗಂಟ ಕೆಟ್ಟಿತ್ತು ಕಣಕ್ಕ, ಇವತ್ತು ರಿಪೇರಿ ಆಗದೆ. ನಲ್ಲಿ ತಾವಿಂದ ನೆಟ್ಟಗೆ ಇಲ್ಲಿಗೇ ಬಂದ್ಯಾ?" ಎಂದರು ನಂಜಪ್ಪ.

"ಚೊಂಬು ತೊಳ್ದಿದ್ ನೀರು ವಸಿ ಉಳ್ದಿರ್ಬೋದು."

ಈ ಸಲ ಮ್ಯಾಮ್ ಕೂಡ ನಕ್ಕರು. ನಗುತ್ತಲೇ ಬ್ಯಾಗಿನಿಂದ ಅಂಕದ ಹಾಳೆ ತೆಗೆದು, ಬರೆಯಲು ಏನಾದರೂ ಕೊಡು ಎಂದು ತೇಜಶ್ರೀಯ ಕಡೆ ಕೈ ಚಾಚಿದರು. ಸಾಲಿನ ಹಿಂದುಗಡೆ ಇಬ್ಬರು ಮೂವರು ತಮ್ಮ ಚೊಂಬಿನೊಳಗೆ ಒಮ್ಮೆ ಇಣುಕಿ ನೋಡಿ, ಸದ್ದಿಲ್ಲದೆ ಮನೆಯ ಕಡೆ ತಿರುಗಿದರು.