ಕೆಂಪು ಗುಂಡಿ ಮತ್ತು ಟರ್ಕಿ ಕೋಳಿ

ಮಿಲ್ವಾಕಿಯಲ್ಲಿ ಅಡುಗೆಮನೆಯ ಯಂತ್ರಗಳನ್ನು ತಯಾರಿಸುವ ಕಂಪನಿಯೊಂದಕ್ಕೆ ವಿಲ್ಮಾ ಡ್ವೊರಾಕ್ ವಿನ್ಯಾಸ ವಿಭಾಗದ ಮುಖ್ಯಸ್ಥೆಯಾಗಿ ಬಂದಾಗ, ಅಲ್ಲಿ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತಿತ್ತು. ಓವನ್‌ನವರದು ಒಂದು ಮಹಡಿ, ಪಾತ್ರೆ ತೊಳೆಯುವ ಯಂತ್ರದವರದು ಇನ್ನೊಂದು, ಫ್ರಿಜ್ಜಿನವರದು ರಸ್ತೆಯಾಚೆಯ ಕಟ್ಟಡ. ಮೂರು ಯಂತ್ರಗಳಿಗೂ ಒಂದೊಂದು ಕೆಂಪು ಗುಂಡಿ. ಅದನ್ನು ಒತ್ತಿ ಹಿಡಿದರೆ ಪಾತ್ರೆಯಂತ್ರ ನಿಲ್ಲುತ್ತಿತ್ತು, ಫ್ರಿಜ್ಜು ಐಸ್ ಉದುರಿಸುತ್ತಿತ್ತು. ಓವನ್ ಮಾತ್ರ ಬಾಗಿಲಿಗೆ ಬೀಗ ಜಡಿದುಕೊಂಡು, ಒಳಗಿನ ಜಿಡ್ಡನ್ನೆಲ್ಲ ಸುಟ್ಟು ಬೂದಿ ಮಾಡಿ, ತನ್ನನ್ನು ತಾನೇ ಶುಚಿ ಮಾಡಿಕೊಳ್ಳುತ್ತಿತ್ತು. ಗಿರಾಕಿಗಳ ದೂರು ಜಾಸ್ತಿಯಾದಾಗ ಅಧ್ಯಕ್ಷ ಗಾರ್ಡನರ್ ವಿಲ್ಮಾಳನ್ನು ಕರೆದು, ಇವೆಲ್ಲ ಒಂದೇ ತಾಯಿಯ ಮಕ್ಕಳ ಹಾಗೆ ಕಾಣಬೇಕು ಎಂದು ಅಪ್ಪಣೆ ಕೊಡಿಸಿ, ತಾವು ಗಾಲ್ಫ್ ಆಡಲು ಫ್ಲಾರಿಡಾಕ್ಕೆ ಹೋದರು.

ವಿಲ್ಮಾ ಶ್ರದ್ಧಾವಂತೆ. ಬೇಸಿಗೆಯೆಲ್ಲ ಕೂತು, ಎಲ್ಲ ಯಂತ್ರಗಳ ವಿನ್ಯಾಸಕ್ಕೂ ಒಂದೇ ನಿಯಮ ಹೇಳುವ ದಪ್ಪನೆಯ ಮಾರ್ಗದರ್ಶಿಯೊಂದನ್ನು ಬರೆದಳು. ಅದರ ಬಿಡುಗಡೆಗೆ ಕೇಕು ಕತ್ತರಿಸಿ, ಎಲ್ಲರಿಗೂ ಒಂದೇ ಬಣ್ಣದ ಅಂಗಿ ಹಂಚಿದಳು. ಜನ ಚಪ್ಪಾಳೆ ತಟ್ಟಿದರು. ಓವನ್ ತಂಡದ ಕರ್ಟಿಸ್ ಬಂದು, ಪುಸ್ತಕ ಅದ್ಭುತವಾಗಿದೆ, ಪಾತ್ರೆಯಂತ್ರದವರಿಗೆ ಇದು ಬೇಕೇಬೇಕಿತ್ತು ಎಂದ. ಪಾತ್ರೆಯಂತ್ರದ ಯೊಲಾಂಡಾ, ಓವನ್‌ನವರು ಇನ್ನಾದರೂ ಕಲಿಯಲಿ ಎಂದಳು. ಫ್ರಿಜ್ಜಿನ ನೋಯೆಲ್ ಅಂಗಿಯ ಅಳತೆ ಚಿಕ್ಕದಾಯಿತು ಎಂದ. ಗುಂಡಿಗಳು ಇದ್ದಲ್ಲೇ ಇದ್ದವು.

ಸೋಲೊಪ್ಪದ ವಿಲ್ಮಾ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮುನ್ನಾದಿನ ಕಂಪನಿಯ ಪ್ರದರ್ಶನದ ಅಡುಗೆಮನೆಯಲ್ಲೇ ಎಲ್ಲರಿಗೂ ಊಟ ಇಟ್ಟುಕೊಂಡಳು. ಒಟ್ಟಿಗೆ ಉಂಡವರು ಒಟ್ಟಿಗೆ ದುಡಿದಾರು ಎಂಬುದು ಅವಳ ಲೆಕ್ಕಾಚಾರ. ಕರ್ಟಿಸ್ ತನ್ನ ಅಜ್ಜಿಯ ಕ್ರಮದಲ್ಲಿ ಉಪ್ಪುನೀರಲ್ಲಿ ನೆನೆಸಿದ ದೊಡ್ಡದೊಂದು ಟರ್ಕಿ ಕೋಳಿಯನ್ನು ತಂದು ಓವನ್‌ನಲ್ಲಿಟ್ಟ. ಕುರ್ಚಿ ತರಲು ಹೋಗುವ ಮುಂಚೆ, ಸ್ವಲ್ಪ ನೋಡ್ಕೋ ಎಂದು ಯೊಲಾಂಡಾಗೆ ಹೇಳಿದ.

ಅವಳು ನೋಡಿಕೊಂಡಳು. ಚರ್ಮ ವಿಪರೀತ ಕೆಂಪಾಗುತ್ತಿದೆ ಅನ್ನಿಸಿತು. ಕೆಂಪು ಗುಂಡಿ ಕಂಡಿತು. ಪಾತ್ರೆಯಂತ್ರದ ಮೇಲೆ ವರ್ಷಗಟ್ಟಲೆ ಪಳಗಿದ ಬೆರಳು ಅದನ್ನು ಒತ್ತಿ ಹಿಡಿಯಿತು. ಕಟಕ್ ಎಂದು ಬಾಗಿಲಿಗೆ ಬೀಗ ಬಿತ್ತು.

ಕುರ್ಚಿ ಹೊತ್ತು ಬಂದ ಕರ್ಟಿಸ್ ಗಾಜಿನೊಳಗೆ ಹೊಗೆ ಕಂಡು ಅಲ್ಲೇ ನಿಂತ.

"ಏನ್ ಮಾಡ್ದೆ?"

"ನಿಲ್ಲಿಸ್ದೆ."

"ನಿಲ್ಲಿಸಿಲ್ಲ ತಾಯಿ. ಚಿತೆಗೆ ಬೆಂಕಿ ಇಟ್ಟಿದ್ದೀಯ."

ಬಾಗಿಲು ತೆಗೆಯುವಂತಿರಲಿಲ್ಲ. ಕಾವು ಇಳಿಯುವ ತನಕ ಯಾರಪ್ಪ ಬಂದರೂ ತೆರೆಯದ ಹಾಗೆ ಆ ಬೀಗವನ್ನು ರೂಪಿಸಿ ಬಹುಮಾನ ಗಿಟ್ಟಿಸಿದ್ದವನು ಕರ್ಟಿಸನೇ. ಅಜ್ಜಿಯ ಟರ್ಕಿ ಎಲ್ಲರ ಕಣ್ಣೆದುರೇ ಕರಿಯಾಗಿ, ಕುಗ್ಗಿ, ಇದ್ದಿಲಾಯಿತು. ಹೊಗೆಗೆ ಗಂಟೆ ಬಡಿದುಕೊಂಡಿತು, ಅಗ್ನಿಶಾಮಕದವರು ಬಂದರು, ಇಡೀ ಕಂಪನಿ ಕೋಟಿಲ್ಲದೆ ಹೊರಗಿನ ಕಾರು ನಿಲ್ದಾಣಕ್ಕೆ ಬಂದು ನಿಂತಿತು.

ಅಲ್ಲೂ ಮೂರು ತಂಡ, ಮೂರು ಗುಂಪು. ಆದರೆ ಮಿಚಿಗನ್ ಸರೋವರದ ಕಡೆಯಿಂದ ಬೀಸುವ ನವೆಂಬರ್ ಗಾಳಿ ತಂಡ ನೋಡುವುದಿಲ್ಲ. ಸ್ವಲ್ಪ ಹೊತ್ತಿಗೆ ಎಲ್ಲರೂ ಅಗ್ನಿಶಾಮಕ ಲಾರಿಯ ಮರೆಯಲ್ಲಿ ಮೈಗೆ ಮೈ ತಾಗಿಸಿ ನಿಂತಿದ್ದರು. ಮಾರ್ಗದರ್ಶಿಯ ಒಂದು ಒಳ್ಳೆಯ ವಾಕ್ಯ ವಿಲ್ಮಾಳ ನಾಲಿಗೆಯ ತುದಿಗೆ ಬಂದಿತ್ತು. ಹಲ್ಲು ಕಟಕಟಿಸುತ್ತಿದ್ದುದರಿಂದ ಅದು ಹೊರಗೆ ಬರಲಿಲ್ಲ. ಕಂಪನಿಯ ಅದೃಷ್ಟ.

"ಕೆಂಪಗಿತ್ತು ಕಣೋ," ಎಂದಳು ಯೊಲಾಂಡಾ. ಅವಳ ಕಣ್ಣಲ್ಲಿ ನೀರಿತ್ತು. "ಕೆಂಪು ಅಂದ್ರೆ ನಿಲ್ಲು ಅಂತ ತಾನೇ."

ಕರ್ಟಿಸ್ ಓವನ್‌ನ ಗುಂಡಿ ಯಾಕೆ ಹಾಗೆ ಎಂಬ ಚರಿತ್ರೆ ಶುರು ಮಾಡುವುದರಲ್ಲಿದ್ದ. ಅಷ್ಟರಲ್ಲಿ ನೋಯೆಲ್ ಬಾಯಿಬಿಟ್ಟ. "ನಮ್ಮಮ್ಮನೂ ಹಂಗೇ ಅನ್ಕೊಂಡು ಒತ್ತುತ್ತಾಳೆ. ಪ್ರತಿ ಸಲ ಕಾಲ್ಮೇಲೆ ಐಸ್ ಬೀಳಿಸ್ಕೊಳ್ತಾಳೆ. ನಾನು ಇಲ್ಲಿ ಯಾರಿಗೂ ಹೇಳಿರ್ಲಿಲ್ಲ."

ಕರ್ಟಿಸ್ ಬೂಟಿನ ತುದಿ ನೋಡುತ್ತ ಮೆಲ್ಲಗೆ ಹೇಳಿದ, "ನನ್ನ ಹೆಂಡ್ತಿ ನಮ್ಮನೆ ಓವನ್ ಗುಂಡಿ ಮೇಲೆ ಟೇಪ್ ಅಂಟಿಸಿಟ್ಟಿದ್ದಾಳೆ."

ಮೊದಲು ನಕ್ಕವಳು ಯೊಲಾಂಡಾ. ಆಮೇಲೆ ಅವನೂ ನಕ್ಕ. ನೋಯೆಲ್ ಲಾರಿಯ ಮಂಜುಗಟ್ಟಿದ ಕಿಟಕಿಯ ಮೇಲೆ ಬೆರಳಲ್ಲಿ ಗುಂಡಿಗಳ ಚಿತ್ರ ಬರೆದ, ಯೊಲಾಂಡಾ ಅಳಿಸಿದಳು, ಕರ್ಟಿಸ್ ತಿದ್ದಿದ. ಒಳಗೆ ಹೋಗಬಹುದು ಎಂದು ಅಗ್ನಿಶಾಮಕದವರು ಹೇಳುವಷ್ಟರಲ್ಲಿ ಎಲ್ಲ ಯಂತ್ರದಲ್ಲೂ ಕೆಂಪು ಎಂದರೆ ನಿಲ್ಲು ಎಂದು ತೀರ್ಮಾನವಾಗಿತ್ತು. ತಾನು ಏನೂ ಹೇಳದೆ ಇದ್ದಾಗಲೇ ತನ್ನ ಕೆಲಸ ಆದದ್ದು ವಿಲ್ಮಾಗೆ ಸಂತೋಷವನ್ನೂ, ಅದರ ಹಿಂದೆಯೇ ಸಣ್ಣದೊಂದು ಸಂಕಟವನ್ನೂ ತಂದಿತು.

ವಸಂತದ ಹೊತ್ತಿಗೆ ಹೊಸ ಗುಂಡಿಗಳು ಬಂದವು. ಯೊಲಾಂಡಾ, ಕರ್ಟಿಸ್ ಈಗ ಒಂದೇ ಕೋಣೆಯಲ್ಲಿ ಕೂತು, ಕೆಲಸ ಮುಗಿದಾಗ ಯಂತ್ರ ಯಾವ ಸ್ವರದಲ್ಲಿ ಕೂಗಬೇಕೆಂದು ಜಗಳವಾಡುತ್ತಾರೆ. ವಿಲ್ಮಾ ಬಿಡಿಸಲು ಹೋಗುವುದಿಲ್ಲ.

ಸಮಾಚಾರ ತಿಳಿದ ಅಧ್ಯಕ್ಷರು ಬಹಳ ಹಿಗ್ಗಿದರು. ಸಹಕಾರ ಹುಟ್ಟಿದ್ದು ಕಾರು ನಿಲ್ದಾಣದಲ್ಲಿ ಎಂಬುದನ್ನು ಮನಗಂಡು, ಇನ್ನು ಮುಂದೆ ಪ್ರತಿ ನವೆಂಬರಿನಲ್ಲೂ ಎಲ್ಲ ತಂಡಗಳೂ ಕೋಟಿಲ್ಲದೆ ಹೊರಗೆ ನಿಲ್ಲತಕ್ಕದ್ದು ಎಂದು ಫ್ಲಾರಿಡಾದಿಂದ ಆದೇಶ ಹೊರಡಿಸಿದರು. ವಿಲ್ಮಾ ವಾದಕ್ಕೆ ಹೋಗಲಿಲ್ಲ. ಅಂಗಿಯ ಒಳಗೆ ದಪ್ಪನೆಯ ಉಣ್ಣೆ ಬನಿಯನ್ ಹಾಕಿಕೊಂಡು ಬನ್ನಿ ಎಂದು ಎಲ್ಲರಿಗೂ ಗುಟ್ಟಾಗಿ ಹೇಳಿಬಿಟ್ಟಳು.